ಮಾಸ್ಟ್ರ ಆಗ್ರಹ

ಐತಪ್ಪ ಮಾಸ್ಟ್ರು ಪುಸ್ತಕವನ್ನು ಕಿವಿಗೆ ಹಿಡಿಯುತ್ತಿದ್ದರು. ಕಾಸರಗೋಡು ಜಿಲ್ಲೆಯ ಪುತ್ತಿಗೆಯ ನಮ್ಮ ಕನ್ನಡ ಶಾಲೆಯಲ್ಲಿ ಗದ್ಯಭಾಗವೊಂದನ್ನು ಓದಿಸಿ, ಪುಸ್ತಕ ಮಡಚಿ ಎಡಗಿವಿಗೆ ಒತ್ತಿಕೊಂಡು, “ಬರೆದವ ನಗಾಡಿಕೊಂಡು ಬರೆದದ್ದಾ, ಉರಿದುಕೊಂಡು ಬರೆದದ್ದಾ? ದನಿ ಕೇಳ್ತದಾ ನಿಮಗೆ?” ಎನ್ನುವರು. ನಮಗೆ ಕೇಳುತ್ತಿದ್ದದ್ದು ಊಟದ ಗಂಟೆ ಮಾತ್ರ. ಕೇಳಿತೆಂದು ಸುಳ್ಳು ಹೇಳಿದವರು ಅದೇ ದನಿಯಲ್ಲಿ ಇನ್ನೊಂದು ವಾಕ್ಯ ಬರೆದು ತೋರಿಸಬೇಕಿತ್ತು.

ಪಂಚಾಯತಿನ ನೋಟೀಸನ್ನೂ ಅವರು ಬಿಟ್ಟವರಲ್ಲ; ನನಗೆ ತೋರಿಸಿ ಹೇಳುವರು: “‘ಸಹಕರಿಸಬೇಕಾಗಿ ವಿನಂತಿ’ ಅಂತ ಉಂಟಲ್ಲ, ಇದು ವಿನಂತಿಯಾ ಮಾರಾಯ್ತಿ? ಶುದ್ಧ ಬೆದರಿಕೆ!” ಇಷ್ಟು ಸೂಕ್ಷ್ಮದ ಕಿವಿಗೆ, ಹೆಂಡತಿ ಸುಶೀಲಕ್ಕ “ಆಯ್ತು, ನೀವು ಹೇಳಿದ ಹಾಗೆ” ಎಂದಾಗಿನ ದನಿ ಮಾತ್ರ ಎಂದೂ ಕೇಳಿಸಲಿಲ್ಲ. ಒಪ್ಪಿದಳೆಂದೇ ನಂಬಿದ್ದರು, ಪಾಪ.

ಸ್ಕಾಲರ್‌ಶಿಪ್ ಪರೀಕ್ಷೆಯಲ್ಲಿ ನನಗೆ ಒಂದೇ ಮಾರ್ಕು ಕಡಿಮೆಯಾಯಿತು. ಗಲ್ಫಿನಲ್ಲಿರುವ ಮಗನಿಗೆ ತಾಯಿ ಬರೆದ ಪತ್ರ ಕೊಟ್ಟು, ಅದರ ದನಿ ಯಾವುದೆಂದು ಕೇಳಿದ್ದರು. ನಾನು ‘ಹಂಬಲ’ ಎಂದು ಬರೆದಿದ್ದೆ. ಉತ್ತರ ಸೂಚಿಯಲ್ಲಿ ‘ಆಗ್ರಹ’ ಎಂದಿತ್ತು. ಪ್ರಶ್ನೆಪತ್ರಿಕೆ ಮಲಯಾಳದಿಂದ ಕನ್ನಡಕ್ಕೆ ಇಳಿದದ್ದು. ಇಳಿಸಿದ ಪುಣ್ಯಾತ್ಮ ಲಿಪಿ ಬದಲಿಸಿ ಕೈತೊಳೆದುಕೊಂಡಿದ್ದ.

ಮಾಸ್ಟ್ರು ನನ್ನನ್ನು ಕರೆದುಕೊಂಡು ಕಾಸರಗೋಡಿನ ಕಚೇರಿಗೆ ಮೂರು ಸಲ ಹೋದರು. “ಸಾರ್, ಮಲಯಾಳದಲ್ಲಿ ಆಗ್ರಹ ಅಂದ್ರೆ ಆಸೆ. ನಮ್ಮ ಕನ್ನಡದಲ್ಲಿ ಹಟ ಹಿಡಿದು ಕೇಳುವುದು. ಆ ತಾಯಿ ಎಂತ, ಮುಷ್ಕರಕ್ಕೆ ಕೂತಿದ್ದಾಳಾ?” ಅಧಿಕಾರಿ ನಗಲಿಲ್ಲ. ಮಾರ್ಕು ಕೊಟ್ಟರು. ಆ ಸ್ಕಾಲರ್‌ಶಿಪ್ಪಿನಿಂದಲೇ ನಾನು ಓದಿದೆ.

ಆಮೇಲೆ ಆ ಪದ ನಮ್ಮಿಬ್ಬರ ತಮಾಷೆಯಾಯಿತು. “ಒಂದು ಚಹಾ ಕುಡಿಸಬೇಕೆಂದು ಆಗ್ರಹ” ಎಂದು ನನ್ನ ಮೊದಲ ಸಂಬಳದ ದಿನ ಮೆಸೇಜು ಕಳಿಸಿದ್ದರು. ಈಗ ನಾನೂ ಕನ್ನಡ ಟೀಚರು. ದನಿ ಗುರುತಿಸುವುದನ್ನು ಮಕ್ಕಳಿಗೆ ಭಾರೀ ಗತ್ತಿನಿಂದ ಕಲಿಸುತ್ತೇನೆ.

ಕಳೆದ ವರ್ಷ ಅವರಿಂದ ಒಂದು ಸಾಲು ಬಂತು: “ಒಮ್ಮೆ ಬಂದು ಹೋಗಬೇಕೆಂದು ಆಗ್ರಹ.” ನಾನು ನಗುವ ಮುಖವೊಂದನ್ನು ಹಾಕಿ, “ಮುಷ್ಕರವಾ ಮಾಸ್ಟ್ರೇ? ರಜೆಯಲ್ಲಿ ಬರ್ತೇನೆ” ಎಂದು ಬರೆದೆ. ಅವರು ನೋಡಿದರು, ಉತ್ತರಿಸಲಿಲ್ಲ.

ರಜೆಗೆ ಮೊದಲೇ ಮಾಸ್ಟ್ರು ತೀರಿಕೊಂಡರು. “ಹಾಸಿಗೆ ಹಿಡಿದು ಎರಡು ತಿಂಗಳಾಗಿತ್ತು” ಎಂದರು ಸುಶೀಲಕ್ಕ. “ನಿನಗೆ ಹೇಳ್ತೇನೆ ಅಂದ್ರೆ, ‘ಬೇಡ, ಬರೆದಿದ್ದೇನೆ, ಅವಳಿಗೆ ಗೊತ್ತಾಗ್ತದೆ’ ಅಂದ್ರು.”

ಅವರು ಬರೆದದ್ದು ಮಲಯಾಳದ ಆಗ್ರಹ. ನಾನು ಅದನ್ನು ಕನ್ನಡದಲ್ಲಿ ಓದಿದೆ.