ಹೊದಿಕೆ ಸರಿಸಿ ನೋಡುವ ಮೇಡಂ

ಬೆಳಗ್ಗೆ ಆರು ಗಂಟೆ ಹತ್ತು ನಿಮಿಷ. ವೃದ್ಧರ ಆರೈಕೆ ಕೇಂದ್ರದ ಉದ್ದನೆಯ ಕಾರಿಡಾರಿನಲ್ಲಿ, ಗೋಡೆಗೆ ಒತ್ತಿಟ್ಟ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಐವತ್ತೊಂಬತ್ತು ವರ್ಷದ ಹೆಂಗಸೊಬ್ಬರು ಕೂತು ಅಂಗೈ ಉಜ್ಜಿಕೊಳ್ಳುತ್ತಿದ್ದಾರೆ. ಚಳಿಗಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಆ ಕೈಗಳು ನಲವತ್ತೆರಡು ಮಂದಿಯ ಹಿಮ್ಮಡಿ ಮುಟ್ಟಬೇಕು. ತಣ್ಣನೆ ಕೈ ತಾಗಿದರೆ ನಿದ್ದೆಯಲ್ಲಿರುವವರು ಬೆಚ್ಚಿಬೀಳುತ್ತಾರೆ.

ಯಾವುದೋ ಕೋಣೆಯಿಂದ ಕರೆಗಂಟೆ ಕೇಳಿಸುತ್ತದೆ. ಅವರು ಕೈಗಡಿಯಾರ ನೋಡುತ್ತಾರೆ. ಆರೈಕೆಯ ಹುಡುಗಿ ಓಡುತ್ತ ಬಂದು ಬಾಗಿಲು ತಳ್ಳುವ ಹೊತ್ತಿಗೆ ಎರಡು ನಿಮಿಷ ನಲವತ್ತು ಸೆಕೆಂಡು. ಪುಸ್ತಕದಲ್ಲಿ ಅಷ್ಟನ್ನೇ ಬರೆಯುತ್ತಾರೆ. ಮೆಚ್ಚುಗೆಯೂ ಇಲ್ಲ, ಹುಬ್ಬು ಗಂಟಿಕ್ಕುವುದೂ ಇಲ್ಲ.

ಇವರು ಆರೈಕೆ ಕೇಂದ್ರಗಳ ಗುಣಮಟ್ಟ ಪರೀಕ್ಷಿಸುವ ಅಧಿಕಾರಿ. ಕೇಂದ್ರಗಳಲ್ಲಿ ‘ಹಿಮ್ಮಡಿ ಮೇಡಂ’ ಎಂದೇ ಹೆಸರು. ಇವರ ಪಾಲಿಗೆ ಮೂವತ್ತೊಂದು ಕೇಂದ್ರಗಳಿವೆ. ಪ್ರತಿಯೊಂದಕ್ಕೂ ವರ್ಷಕ್ಕೆ ಎರಡು ಸಲ, ಹೇಳದೆ ಕೇಳದೆ ಭೇಟಿ. ಒಂದು ಭೇಟಿಗೆ ನೂರ ಹದಿನೆಂಟು ಪ್ರಶ್ನೆ. ಇಲಾಖೆಯ ವಾಹನವಿಲ್ಲ, ಎರಡು ಬಸ್ಸು ಹಿಡಿದು ಬರುತ್ತಾರೆ. ಪರೀಕ್ಷೆ ಮಾಡುವ ಜಾಗದಲ್ಲಿ ಒಂದು ಲೋಟ ನೀರೂ ಮುಟ್ಟುವುದಿಲ್ಲ. ಚೀಲದಲ್ಲಿ ಬಾಟಲಿ ಇರುತ್ತದೆ.

ಇನ್ನು ಎಪ್ಪತ್ತೊಂದು ದಿನಕ್ಕೆ ನಿವೃತ್ತಿ. ಈ ಕೇಂದ್ರಕ್ಕೆ ಇದೇ ಕೊನೆಯ ಭೇಟಿ. ಒಳಗೆ ಬರುವಾಗ ಸ್ವಾಗತ ಮೇಜಿನ ಹಿಂದಿನ ಗೋಡೆಯತ್ತ ಅವರು ಕಣ್ಣೆತ್ತಲಿಲ್ಲ. ಅಲ್ಲಿ ಒಂಬತ್ತು ವರ್ಷದ ಹಿಂದಿನ ಪ್ರಮಾಣಪತ್ರ ನೇತಾಡುತ್ತಿದೆ. ಗಾಜು ಬಿರುಕು ಬಿಟ್ಟಿದೆ. ‘ದರ್ಜೆ: ಅತ್ಯುತ್ತಮ’ ಎಂಬುದರ ಕೆಳಗೆ ಇರುವುದು ಇವರದೇ ಸಹಿ.

ತಮ್ಮ ಬಗ್ಗೆ ಬರೆಯಲು ಅವರು ಒಪ್ಪಿದ್ದು ಒಂದೇ ಷರತ್ತಿನ ಮೇಲೆ. “ಆ ಸಹಿ ವಿಷಯ ಬರೀತೀರಾದ್ರೆ ಬರೀರಿ. ಅದು ಬಿಟ್ಟು ಬರೀ ಒಳ್ಳೇದು ಬರೆಯೋದಾದ್ರೆ ಬೇಡ, ಬೇರೆ ಯಾರನ್ನಾದ್ರೂ ನೋಡಿ.”

ಒಂಬತ್ತು ವರ್ಷದ ಹಿಂದೆ, ಆ ಸಹಿ ಹಾಕಿದ ದಿನ ಅವರು ಇಲ್ಲಿಗೆ ಬಂದದ್ದು ಬೆಳಗ್ಗೆ ಹತ್ತೂ ನಲವತ್ತಕ್ಕೆ. ಹನ್ನೊಂದನೇ ಮಂಚದಲ್ಲಿ ಒಬ್ಬ ಅಜ್ಜಿ. ಕತ್ತಿನವರೆಗೂ ಇಸ್ತ್ರಿ ಮಾಡಿದ ಹೊದಿಕೆ, ಪಕ್ಕದಲ್ಲಿ ಆರೈಕೆಯವಳು. “ಚೆನ್ನಾಗಿದ್ದೀರಾ ಅಜ್ಜಿ?” ಎಂದು ಕೇಳಿದರು. ಅಜ್ಜಿ ಆರೈಕೆಯವಳ ಮುಖ ನೋಡಿ ನಕ್ಕಿತು. ‘ತೃಪ್ತಿಕರ’ ಎಂದು ಬರೆದರು. ಮಲಗಿದಲ್ಲೇ ಇರುವವರಿಗೆ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಬದಲಿಸಿದ ಮೇಲೆ ಮಂಚದ ಬಳಿಯ ಪಟ್ಟಿಯಲ್ಲಿ ಆ ಹೊತ್ತಿನ ಚೌಕ ತುಂಬಬೇಕು. ಪಟ್ಟಿ ಅಚ್ಚುಕಟ್ಟಾಗಿತ್ತು. ಅದಕ್ಕೆ ವೇಳೆ ತೋರಿಸುವ ಸೀಲು ಒತ್ತಿ ಮುಂದೆ ಹೋದರು.

ಮೂರು ತಿಂಗಳ ನಂತರ ಅಜ್ಜಿಯ ಮಗಳು ಕಚೇರಿಗೆ ಬಂದಳು. ಹೊಲಿಗೆ ಕೆಲಸದಾಕೆ. ದನಿ ಏರಿಸಲಿಲ್ಲ. ಆ ಪಟ್ಟಿಯ ಪ್ರತಿಯನ್ನು ಮೇಜಿನ ಮೇಲೆ ಬಿಡಿಸಿ ಬೆರಳಿಟ್ಟಳು. “ನಿಮ್ಮ ಸೀಲು ಹತ್ತೂ ನಲವತ್ತು ಅಂತಿದೆ. ಹನ್ನೆರಡಕ್ಕೆ ಎಡಕ್ಕೆ, ಎರಡಕ್ಕೆ ಬೆನ್ನ ಮೇಲೆ, ನಾಲ್ಕಕ್ಕೆ ಬಲಕ್ಕೆ ಅಂತ ಆಗ್ಲೇ ಬರೆದಿದೆ. ಇನ್ನೂ ಆಗದೇ ಇರೋದಕ್ಕೆ ಹೇಗೆ ಸೀಲು ಹಾಕಿದ್ರಿ?”

ಅಧಿಕಾರಿ ಪಟ್ಟಿಯನ್ನು ತಮ್ಮತ್ತ ಎಳೆದುಕೊಂಡು ಸೀಲಿನ ವೇಳೆ ನೋಡಿದರು.

“ಹೊದಿಕೆ ತೆಗೆದು ನೋಡಿದ್ರಾ?”

“ಇಲ್ಲ.”

“ಅಮ್ಮನ್ನ ಬೇರೆ ಕಡೆ ಸೇರಿಸೋಣ ಅಂತಿದ್ದೆ. ಗೋಡೆ ಮೇಲೆ ನಿಮ್ಮ ಅತ್ಯುತ್ತಮ ನೋಡಿ ಸುಮ್ಮನಾದೆ.”

ಅಜ್ಜಿ ತೀರಿಕೊಂಡು ಆಗ ಒಂಬತ್ತು ದಿನ. ಹಿಮ್ಮಡಿಯ ಹುಣ್ಣು ಎಲುಬಿಗೆ ಇಳಿದಿತ್ತು. ಭೇಟಿಯ ದಿನವೂ ಅದು ಅಲ್ಲೇ ಇತ್ತು, ಇಸ್ತ್ರಿಯ ಹೊದಿಕೆಯ ಕೆಳಗೆ.

“ಈ ಕೆಲಸಕ್ಕೆ ಬರೋಕೆ ಮುಂಚೆ ಹನ್ನೆರಡು ವರ್ಷ ವಾರ್ಡಿನಲ್ಲಿ ನರ್ಸ್ ಆಗಿದ್ದೋಳು ನಾನು,” ಎನ್ನುತ್ತಾರೆ. “ಗೊತ್ತಿರಲಿಲ್ಲ ಅನ್ನೋ ಹಾಗಿಲ್ಲ. ಒಂದು ಚೌಕವೂ ಖಾಲಿ ಇಲ್ಲವಲ್ಲ ಅಂತ ಖುಷಿಪಟ್ಟಿದ್ದೆ. ಅದನ್ನ ನೆನೆಸಿಕೊಂಡ್ರೆ ಈಗ್ಲೂ ಮುಖ ಎಲ್ಲಿಟ್ಟುಕೊಳ್ಳಲಿ ಅನ್ಸುತ್ತೆ.”

ತನಿಖೆಯಾಯಿತು. ಮಾಲೀಕರು ಬದಲಾದರು. ಕಡತದಲ್ಲಿ ದರ್ಜೆಯೂ ಇಳಿಯಿತು. ಆದರೆ ಒಮ್ಮೆ ಕೊಟ್ಟ ಪ್ರಮಾಣಪತ್ರವನ್ನು ವಾಪಸು ತರಿಸುವ ನಿಯಮ ಇಲಾಖೆಯಲ್ಲಿಲ್ಲ. ಅದಕ್ಕಾಗಿ ಅವರು ಮೇಲಿನವರಿಗೆ ಹನ್ನೊಂದು ಪತ್ರ ಬರೆದಿದ್ದಾರೆ. ‘ಪರಿಶೀಲನೆಯಲ್ಲಿದೆ’ ಎಂಬ ಒಂದು ಉತ್ತರ ಬಂದಿದೆ. ಕೇಂದ್ರದವರನ್ನೇ ಕೇಳೋಣವೆಂದರೆ, ಪರೀಕ್ಷೆಗೆ ಬಂದ ಅಧಿಕಾರಿ ಅಲ್ಲಿ ಏನನ್ನೂ ಸ್ವಂತಕ್ಕೆ ಬೇಡುವಂತಿಲ್ಲ.

ಅಂದಿನಿಂದ ಎಲ್ಲಿ ಹೋದರೂ ಮೊದಲು ಹಿಮ್ಮಡಿ, ಆಮೇಲೆ ಕಾಗದ. ಮನೆಯಲ್ಲೂ ಈ ಅಭ್ಯಾಸ ಬಿಟ್ಟಿಲ್ಲ. ಎಂಬತ್ತೇಳರ ಅತ್ತೆ ಗೊಣಗುತ್ತಾರೆ: “ಬೆಳಗೆದ್ದು ಮುಖ ನೋಡೋದು ಬಿಟ್ಟು ಕಾಲು ನೋಡ್ತಾಳೆ. ಇನ್ನೂ ಇದ್ದೀನಿ ಕಣೆ, ಹೊದಿಕೆ ಹಾಕು.”

ಏಳು ಗಂಟೆಗೆ ಮಂಚದಿಂದ ಮಂಚಕ್ಕೆ ನಡೆಯುತ್ತಾರೆ. ಹೇಳಿ, ಒಪ್ಪಿಗೆ ಪಡೆದು, ಹೊದಿಕೆ ಸರಿಸಿ, ಹಿಮ್ಮಡಿಯ ಕೆಳಗೆ ಅಂಗೈ ಇಡುತ್ತಾರೆ. ಏಳನೇ ಮಂಚದ ನಿವೃತ್ತ ಬಸ್ ಚಾಲಕನಿಗೆ ಇವರ ಗುರುತಿದೆ. “ಬಂದ್ರಾ? ಸರ್ವೀಸಲ್ಲಿದ್ದಾಗ ನಾನು ಅಧಿಕಾರಿಗಳ ಕಾಲು ಹಿಡೀತಿದ್ದೆ. ಈಗ ನೋಡಿ, ಅಧಿಕಾರಿಗಳೇ ಬಂದು ನನ್ನ ಕಾಲು ಹಿಡೀತಾರೆ.”

ಎಂಟಕ್ಕೆ ಹತ್ತು ನಿಮಿಷವಿದೆ. ಪಟ್ಟಿಯಲ್ಲಿ ಎಂಟರ ಚೌಕ ಖಾಲಿ. “ಇನ್ನೂ ಟೈಮ್ ಆಗಿಲ್ಲ ಮೇಡಂ, ಅದಕ್ಕೆ ಬರ್ದಿಲ್ಲ,” ಎಂದು ಆರೈಕೆಯ ಹುಡುಗಿ ಅಳುಕುತ್ತಾಳೆ. ಮೇಡಂ ಬೆಳಗಿನಿಂದ ಮೊದಲ ಸಲ ನಗುತ್ತಾರೆ.

ನಲವತ್ತೆರಡು ಜೊತೆ ಹಿಮ್ಮಡಿಗಳಲ್ಲಿ ಒಂದೂ ಕೆಂಪಾಗಿಲ್ಲ. ಊಟ, ಔಷಧಿ, ಸ್ನಾನ, ಎಲ್ಲ ಸರಿಯಿದೆ. ಸರಿಯಿಲ್ಲದಿರುವುದು ಒಂದೇ. ಏಳನೇ ಮತ್ತು ಹತ್ತೊಂಬತ್ತನೇ ಮಂಚದ ಕರೆಗಂಟೆಯ ವೈರನ್ನು ನೆಲ ಒರೆಸುವಾಗ ಮೇಲಿನ ಕೊಕ್ಕೆಗೆ ಸಿಕ್ಕಿಸಿ ಹಾಗೇ ಮರೆತಿದ್ದಾರೆ.

“ಮೊನ್ನೆಯಿಂದ ಅಲ್ಲೇ ತೂಗಾಡ್ತಿದೆ,” ಎನ್ನುತ್ತಾನೆ ಚಾಲಕ. “ನನಗೇನು, ಹಾರ್ನ್ ಗಂಟಲಲ್ಲೇ ಇದೆ.”

ಹತ್ತೊಂಬತ್ತನೇ ಮಂಚದಾಕೆಗೆ ಪಾರ್ಶ್ವವಾಯುವಾಗಿ ಮಾತು ನಿಂತು ವರ್ಷವಾಗಿದೆ.

ಒಂದೇ ಒಂದು ಕರೆಗಂಟೆ ಕೈಗೆಟುಕದಿದ್ದರೂ ‘ಅತ್ಯುತ್ತಮ’ ಕೊಡುವಂತಿಲ್ಲ ಎಂಬುದು ನಿಯಮ. ಕೇಂದ್ರದ ಮೇಲ್ವಿಚಾರಕಿಗೆ ಅದು ಗೊತ್ತು. ಎರಡು ವರ್ಷದ ಹಿಂದೆ ಬಂದ ಆಕೆಗೆ ಗೋಡೆಯ ಕಾಗದದ ಕತೆ ಗೊತ್ತಿಲ್ಲ. “ಈಗ್ಲೇ ಇಳಿಸಿಬಿಡ್ತೀವಿ, ಅದೊಂದು ಬಿಟ್ಬಿಡಿ ಮೇಡಂ. ಅತ್ಯುತ್ತಮ ಬಂದ್ರೆ ಆ ಗಾಜು ಒಡೆದದ್ದನ್ನ ತೆಗೆದು ಹೊಸದು ಹಾಕ್ತೀವಿ. ಬರೀ ಉತ್ತಮ ಅಂದ್ರೆ ನಮ್ಮ ಮಾಲೀಕ್ರು ಹಳೇದನ್ನೇ ಇಟ್ಕೊಳ್ತಾರೆ.”

ಒಂದು ಪದ ಬದಲಿಸಿ ಬರೆದರೆ ಒಂಬತ್ತು ವರ್ಷದ ಆ ಕಾಗದ ಇವತ್ತೇ ಕೆಳಗಿಳಿಯುತ್ತದೆ. ಅವರು ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಹಾಕಿ, ಮತ್ತೆ ತೆಗೆಯುತ್ತಾರೆ. ಎದ್ದು ಹೋಗಿ ಹತ್ತೊಂಬತ್ತನೇ ಮಂಚದ ಪಕ್ಕ ನಿಂತು, ಮಲಗಿದಾಕೆಯ ಕೈಯಿಂದ ಕೊಕ್ಕೆ ಎಷ್ಟು ದೂರವಿದೆ ಎಂದು ಗೇಣು ಹಾಕಿ ಅಳೆಯುತ್ತಾರೆ. ಮೂರೂವರೆ ಗೇಣು. ವೈರನ್ನು ಇಳಿಸಿ ಅದರ ತುದಿಯ ಗುಂಡಿಯನ್ನು ಆಕೆಯ ಅಂಗೈಗೆ ಕೊಡುತ್ತಾರೆ. ಅಳತೆ ಬರೆದುಕೊಂಡು, ಕೆಳಗೆ ‘ಉತ್ತಮ’ ಎಂದು ಬರೆದು ಸಹಿ ಹಾಕುತ್ತಾರೆ. ಮೇಲ್ವಿಚಾರಕಿಯ ಮುಖ ಸಪ್ಪಗಾಗುತ್ತದೆ.

ಹೋಗುವಾಗ ಮಾತ್ರ ಅವರು ಗೋಡೆಯ ಮುಂದೆ ನಿಂತು ನೋಡುತ್ತಾರೆ. ಆ ಸಹಿ ಇವತ್ತಿನದಕ್ಕಿಂತ ದೊಡ್ಡದಾಗಿದೆ, ಕೆಳಗೊಂದು ಗೆರೆ ಬೇರೆ.

ಬಸ್ ನಿಲ್ದಾಣದಲ್ಲಿ ಬಾಟಲಿಯ ನೀರು ಕುಡಿಯುತ್ತ ಹೇಳುತ್ತಾರೆ: “ಎಪ್ಪತ್ತೆರಡನೇ ದಿನ ನಾನು ಯಾರೂ ಅಲ್ಲ. ಆಗ ಇಲ್ಲಿಗೆ ಬಂದು ನಡೆದದ್ದನ್ನೆಲ್ಲ ಹೇಳಿ, ಅದನ್ನ ಇಳಿಸಿ ಕೊಡ್ರಮ್ಮಾ ಅಂತ ಕೇಳಬಹುದು.”

ಕೊಡದಿದ್ದರೆ?

“ಮಾರನೇ ದಿನ ಮತ್ತೆ ಬರ್ತೀನಿ. ಕೊಟ್ಟ ದಿನ ಅದನ್ನ ಆ ಹೊಲಿಗೆಯಾಕೆ ಮನೆಗೆ ತಗೊಂಡು ಹೋಗಬೇಕು. ಬಾಗಿಲು ತೆಗೀತಾಳೋ ಇಲ್ವೋ ಗೊತ್ತಿಲ್ಲ.”