ಅಮರೇಶನಿಗೆ ಬಂದ ಮೀಸೆ

ಸ್ನೇಹಿತರೇ, ಇವತ್ತು ಮಸ್ಕಿಯಲ್ಲಿ ಒಂದು ಮೀಸೆಗಾಗಿ ಜಗಳವಾಯಿತು.

ನಮ್ಮ ಮಾವ ನಿವೃತ್ತ ಸೈನಿಕರು. ಯುದ್ಧದಲ್ಲಿ ತೀರಿಹೋದ ಗೆಳೆಯ ಅಮರೇಶನ ಪ್ರತಿಮೆಗೆ ಹಾರ ಹಾಕಲು, ಅದೇ ತುಕಡಿಯಲ್ಲಿದ್ದ ಸಂತೆಕಲ್ಲೂರಿನ ಖಾದರ್ ಕಾಕಾನ ಜೊತೆ ಹೊರಟಿದ್ದರು. ನಾನೂ ಹೋಗಿದ್ದೆ. ನೋಡಿದರೆ, ಪ್ರತಿಮೆಗೆ ಹೊಸ ಬಣ್ಣ ಬಳಿದವರು ದಪ್ಪನೆಯ ಕಪ್ಪು ಮೀಸೆಯನ್ನೂ ಬರೆದಿದ್ದಾರೆ!

"ಇವ ಯಾವನೋ ಬ್ಯಾರೆ! ನಮ್ಮ ಅಮರ್ಯಾಗ ಮೀಸಿ ಎಲ್ಲಿತ್ತಲೇ? ಒರಸ್ರಿ ಅದನ್ನ!" ಮಾವನ ಕೂಗಿಗೆ, ರಾತ್ರಿಯಿಡೀ ಅತ್ತು ಆಗಷ್ಟೇ ನನ್ನ ಹೆಗಲ ಮೇಲೆ ಮಲಗಿದ್ದ ಮಗ ಬೆಚ್ಚಿಬಿದ್ದ.

"ವೀರಯೋಧ ಅಂದಮ್ಯಾಲ ಮೀಸಿ ಬೇಕಲ್ರೀ ತಾತಾ," ಎಂದ ಬಣ್ಣ ಬಳಿದ ಯುವಕ.

"ನನಗ ಅವನ ಮುಖ ಬೇಕೋ ತಮ್ಮಾ," ಎನ್ನುವಾಗ ಮಾವನ ದನಿ ಒಡೆಯಿತು.

ಖಾದರ್ ಕಾಕಾ ಮಾವನ ಕೈ ಹಿಡಿದರು. "ಇರಲಿ ಬಿಡೋ ದೋಸ್ತಾ. ಮೀಸಿ ಬರಲಿ ಅಂತ ದಿನಾ ನನ್ನ ಬ್ಲೇಡ್ ಕದ್ದು ಕೆರಕೋತಿದ್ದಿಲ್ಲೇನು ಅವ? ಅಂತೂ ಬಂತು ನೋಡು."

ಮಾವ ನಕ್ಕರು, ಕಣ್ಣೊರೆಸಿಕೊಂಡರು, ಹಾರ ಹಾಕಿದರು. "ಮೂವರದೂ ಒಂದು ಫೋಟೊ ತೆಗಿಯವಾ," ಎಂದರು.

ಮನೆಗೆ ಬಂದು ಅದನ್ನೇ ನೋಡುತ್ತಿದ್ದೇನೆ. ಇವರಿಬ್ಬರ ಮೀಸೆ ಹತ್ತಿಯಂತೆ ಬೆಳ್ಳಗಾಗಿದೆ. ಮೂವರಲ್ಲಿ ಕಪ್ಪು ಮೀಸೆ ಇರುವುದು ಅಮರೇಶನೊಬ್ಬನಿಗೇ.