ಕಲ್ಲಿನ ಮೇಲಿದ್ದವರು ಬಹುಮಾನಕ್ಕೆ ಬಂದರು

ತೊಂಬತ್ತರ ದಶಕದ ಕೊನೆ. ಹಲಸೂರಿನ ನಮ್ಮ ಬೀದಿಯಲ್ಲಿ ರಾಜ್ಯೋತ್ಸವ ಅಂದರೆ ಆರ್ಕೆಸ್ಟ್ರಾ, ನಡುವೆ ಲಕ್ಕಿ ಡಿಪ್. ಮೈಕು ನನ್ನ ಕೈಯಲ್ಲಿ. ಆಗ ನನಗೆ ಇಪ್ಪತ್ತಾರು, ಮೈಯೆಲ್ಲ ಕೊಬ್ಬು.

ಬೀದಿ ಮೂಲೆಯಲ್ಲಿ ಸೊಂಟದೆತ್ತರದ ಒಂದು ಕಲ್ಲಿತ್ತು. ಬ್ರಿಟಿಷರ ಕಾಲದಲ್ಲಿ ನಮ್ಮ ಬೀದಿಯಿಂದ ಬರ್ಮಾ ಯುದ್ಧಕ್ಕೆ ಹೋಗಿ ಸತ್ತ ನಾಲ್ವರ ಹೆಸರು ಅದರ ಮೇಲೆ. ಪ್ರತಿ ವರ್ಷ ನಾವು ಅದರ ಮೇಲೆಯೇ ಸ್ಪೀಕರ್ ಬಾಕ್ಸ್ ಇಡುತ್ತಿದ್ದೆವು. ಎತ್ತರ ಸರಿಯಾಗಿತ್ತು, ಅಷ್ಟೆ. ಆ ನಾಲ್ವರ ಜೊತೆ ಹೋಗಿ ಬದುಕಿ ಬಂದಿದ್ದವರು ಎದುರುಮನೆ ತಾತ ಒಬ್ಬರೇ. ರಸ್ತೆ ಅಗಲ ಮಾಡಲು ಕಲ್ಲು ಕೀಳುತ್ತಾರೆ ಎಂದು ಗೊತ್ತಾದಾಗ ನನ್ನ ಹತ್ತಿರ ಬಂದರು.

"ಒಂದ್ಸಲ ಮೈಕಲ್ಲಿ ಅವರ ಹೆಸ್ರು ಕೂಗ್ಬಿಡ್ತೀನಪ್ಪ. ಬೀದಿ ಜನ ಕೇಳಿಸ್ಕೊಂಡ್ರೆ ಸಾಕು."

"ಡ್ಯಾನ್ಸ್ ಆದ್ಮೇಲೆ ಎರಡ್ ನಿಮಿಷ ತಗೊಳ್ಳಿ ತಾತ. ಕಥೆ ಹೇಳ್ಬೇಡಿ, ಜನ ಎದ್ದೋಗ್ತಾರೆ."

ರಾಜ್ಯೋತ್ಸವದ ಸಂಜೆ ಏಳಕ್ಕೆ "ಮುಂದೆ ಲಕ್ಕಿ ಡಿಪ್, ಬಹುಮಾನ ಪ್ರೆಶರ್ ಕುಕ್ಕರ್!" ಎಂದು ಕೂಗಿದೆ. ಚೀಟಿ ಡಬ್ಬ ಬರುವುದು ತಡವಾಯಿತೆಂದು ತಾತನ ಕೈಗೆ ಮೈಕು ಕೊಟ್ಟೆ. ಅವರು ಏನು ಓದುತ್ತಾರೆ, ಯಾರ ಹೆಸರು, ಒಂದನ್ನೂ ನಾನು ಜನರಿಗೆ ಹೇಳಲಿಲ್ಲ. ತಾತ ಕಾಗದ ಬಿಡಿಸಿ ನೇರ ಮೊದಲ ಹೆಸರು ಓದಿದರು.

"ನಾನೇ, ನಾನೇ!" ಎನ್ನುತ್ತ ಒಬ್ಬ ಸ್ಟೇಜ್ ಹತ್ತಿದ. ಎರಡನೆಯ ಹೆಸರಿಗೆ ಇನ್ನೊಬ್ಬ. ಮೂರನೆಯದಕ್ಕೂ ಒಬ್ಬ. ನಮ್ಮಲ್ಲಿ ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುವುದು ರೂಢಿ. ಸತ್ತವರ ಮೊಮ್ಮಕ್ಕಳು ಕುಕ್ಕರಿಗೆಂದು ಸಾಲಾಗಿ ನಿಂತಿದ್ದರು. ಹಸಿರು ಸೀರಿಯಲ್ ಸೆಟ್ಟಿನ ಬೆಳಕಲ್ಲಿ ಮೂವರ ಮುಖದಲ್ಲೂ ಕಣ್ಣೇ ಇಲ್ಲದಂತೆ ಕಂಡಿತು.

ತಾತ ಬಗ್ಗಿ ಮೊದಲಿನವನ ಮಂಡಿ ತಡವಿದರು. "ಕಾಲು ಹೋಗಿತ್ತಲ್ಲೋ ನಿಂದು? ನಾನೇ ಹೊತ್ಕೊಂಡಿದ್ನಲ್ಲ."

ಮೈಕು ಆನ್ ಆಗೇ ಇತ್ತು. ಜನ ಶಿಳ್ಳೆ ಹೊಡೆದರು. "ಕಾಮಿಡಿ ಆಮೇಲೆ ತಾತ, ಕುಕ್ಕರ್ ಕೊಡಿ," ಎಂದ ಅವನು. ತನ್ನ ಹೆಸರು ಆ ಕಲ್ಲಿನ ಮೇಲಿದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ.

ನಾಲ್ಕನೆಯವನು ಮದುವೆಯಾಗದೆ ಸತ್ತವನು, ಮೊಮ್ಮಗ ಎಲ್ಲಿಂದ? ತಾತ ಆ ಹೆಸರನ್ನು ಮೂರು ಸಲ ಕೂಗಿದರು. ಹಿಂದಿನ ಕತ್ತಲಿನಿಂದ ಒಂದು ದನಿ, "ಇದೀನಿ ಸಾರ್!" ಅಂದಿತು. ಯಾರೋ ತಮಾಷೆಗೆ ಕೂಗಿರಬೇಕು. ಆದರೆ ಈ ಸಲ ಯಾರೂ ನಗಲಿಲ್ಲ.

"ಎಲ್ರೂ ಬಂದ್ಬಿಟ್ರಪ್ಪ," ಎಂದು ತಾತ ನನ್ನ ಕೈ ಹಿಡಿದರು. ಅವರ ಕೈ ತಣ್ಣಗಿತ್ತು, ಮುಖದಲ್ಲಿ ನಗು. ಇವರು ಕುಕ್ಕರಿಗೆ ಬಂದವರು ಎಂದು ಅವರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಅವು ಸತ್ತವರ ಹೆಸರು ಎಂದು ಜನರಿಗೂ ಹೇಳಲಿಲ್ಲ. ಮೈಕು ಇಸಿದುಕೊಂಡು, ಅಷ್ಟರಲ್ಲಿ ಬಂದ ಡಬ್ಬ ಅಲ್ಲಾಡಿಸಿದೆ.

ಆ ಮೂವರೂ ಕೆಳಗಿಳಿಯದೆ, ಕುಕ್ಕರಿಗೆ ಕಾಯುತ್ತ ಅಲ್ಲೇ ನಿಂತಿದ್ದರು.